ಕೃತಕ ಕ್ರೌಡ್ ನಾಯ್ಸ್: ಖಾಲಿ ಗ್ಯಾಲರಿಯಲ್ಲಿ ಕೂಗಿದ್ದು ಯಾರು?

ಪ್ರೇಕ್ಷಕರಿಲ್ಲದೆ ನಡೆಯುವ ಪಂದ್ಯಕ್ಕೆ, ಮೊದಲೇ ರೆಕಾರ್ಡ್ ಮಾಡಿಟ್ಟ ಜನರ ಕೂಗು, ಚಪ್ಪಾಳೆ, ಶಿಳ್ಳೆಗಳನ್ನು ಸೇರಿಸುವುದಕ್ಕೆ ಕೃತಕ ಕ್ರೌಡ್ ನಾಯ್ಸ್ ಎನ್ನುತ್ತಾರೆ. ಕೊರೊನಾ ಕಾಲದಲ್ಲಿ ಕ್ರಿಕೆಟ್, ಫುಟ್‌ಬಾಲ್ ನೋಡಿದವರೆಲ್ಲ ಇದನ್ನು ಕೇಳಿಯೇ ಇರುತ್ತಾರೆ. ಎಷ್ಟೋ ಜನರಿಗೆ ಅದು ಕೃತಕ ಅಂತ ನೆನಪೂ ಆಗಲಿಲ್ಲ. ಅದೇ ಅದರ ಉದ್ದೇಶವೂ ಆಗಿತ್ತು ಅನ್ನಿ.

ನಮಗೆ ಹತ್ತಿರದ ಉದಾಹರಣೆ 2020ರ ಐಪಿಎಲ್. ಇಡೀ ಟೂರ್ನಿ ದುಬೈ, ಅಬುಧಾಬಿ, ಶಾರ್ಜಾದಲ್ಲಿ ಖಾಲಿ ಸ್ಟೇಡಿಯಂಗಳಲ್ಲಿ ನಡೆಯಿತು. ಸೆಪ್ಟೆಂಬರ್ 21ರಂದು ದುಬೈನಲ್ಲಿ ಹೈದರಾಬಾದ್ ವಿರುದ್ಧ ಆರ್‌ಸಿಬಿಯ ಮೊದಲ ಪಂದ್ಯ. ಕರ್ನಾಟಕದ ಹುಡುಗ ದೇವದತ್ತ ಪಡಿಕ್ಕಲ್‌ಗೆ ಅದು ಚೊಚ್ಚಲ ಐಪಿಎಲ್ ಪಂದ್ಯ. 42 ಎಸೆತಗಳಲ್ಲಿ 56 ರನ್ ಹೊಡೆದರು. ಒಂದೊಂದು ಬೌಂಡರಿಗೂ ಟಿವಿಯಲ್ಲಿ ಭರ್ಜರಿ ಗದ್ದಲ. ಕಣ್ಣು ಮುಚ್ಚಿಕೊಂಡು ಕೇಳಿದ್ದರೆ ಚಿನ್ನಸ್ವಾಮಿಯಲ್ಲೇ ಮ್ಯಾಚ್ ನಡೆಯುತ್ತಿದೆ ಅನ್ನಬೇಕು. ಕಣ್ಣು ಬಿಟ್ಟರೆ ಚೆಂಡು ಹೋಗಿ ಬೀಳುತ್ತಿದ್ದದ್ದು ಖಾಲಿ ಕುರ್ಚಿಗಳ ಕಡೆಗೆ. ಅಷ್ಟು ಒಳ್ಳೆಯ ಇನಿಂಗ್ಸ್‌ಗೆ ಒಂದು ನಿಜವಾದ ಶಿಳ್ಳೆ ಸಿಗಲಿಲ್ಲವಲ್ಲ ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಸದ್ದು ಸೇರಿಸುವ ಅಗತ್ಯವಾದರೂ ಏನಿತ್ತು? ಸುಮ್ನೆ ಆಟ ತೋರಿಸಿದ್ದರೆ ಆಗುತ್ತಿರಲಿಲ್ವಾ?

ಹಾಗೆ ತೋರಿಸಿದ್ದೂ ಉಂಟು. 2015ರ ಏಪ್ರಿಲ್ 29ರಂದು ಅಮೆರಿಕದ ಬಾಲ್ಟಿಮೋರ್‌ನಲ್ಲಿ ಒರಿಯೋಲ್ಸ್ ಮತ್ತು ಶಿಕಾಗೋ ವೈಟ್ ಸಾಕ್ಸ್ ತಂಡಗಳ ಬೇಸ್‌ಬಾಲ್ ಪಂದ್ಯ ಇತ್ತು. ಊರಲ್ಲಿ ಗಲಭೆ ಎದ್ದಿದ್ದರಿಂದ ಒಬ್ಬ ಪ್ರೇಕ್ಷಕನನ್ನೂ ಒಳಗೆ ಬಿಡಲಿಲ್ಲ. ಟಿವಿಯಲ್ಲಿ ಕೃತಕ ಸದ್ದನ್ನೂ ಸೇರಿಸಲಿಲ್ಲ. ಟಿವಿ ಕಾಮೆಂಟೇಟರ್ ಗ್ಯಾರಿ ಥಾರ್ನ್ ಸ್ವಲ್ಪ ಹೊತ್ತು ಗಾಲ್ಫ್ ಪಂದ್ಯದ ಹಾಗೆ ಪಿಸುದನಿಯಲ್ಲಿ ಕಾಮೆಂಟರಿ ಹೇಳಿ ತಮಾಷೆ ಮಾಡಿದರು. ಒರಿಯೋಲ್ಸ್‌ನ ಕ್ಯಾಚರ್ ಕೇಲಬ್ ಜೋಸೆಫ್ ಪಂದ್ಯಕ್ಕೆ ಮುಂಚೆ ಖಾಲಿ ಗ್ಯಾಲರಿಯ ಹತ್ತಿರ ಹೋಗಿ, ಇಲ್ಲದ ಅಭಿಮಾನಿಗಳಿಗೆ ಆಟೋಗ್ರಾಫ್ ಹಾಕಿ ಕೊಡುವ ನಟನೆ ಮಾಡಿದರು. ಒಂದು ದಿನದ ಮಟ್ಟಿಗೆ ಇದೆಲ್ಲ ಚೆನ್ನಾಗಿಯೇ ಇರುತ್ತದೆ. ಇಡೀ ಸೀಸನ್ ಹೀಗೇ ಅಂದರೆ ಕಷ್ಟ.

2020ರ ಮೇ 16ರಂದು ಜರ್ಮನಿಯ ಬುಂಡೆಸ್‌ಲೀಗಾ ಮತ್ತೆ ಶುರುವಾದಾಗ ಈ ಕಷ್ಟ ಎಲ್ಲರ ಕಣ್ಣಿಗೂ ಬಿತ್ತು. ಯುರೋಪಿನ ದೊಡ್ಡ ಫುಟ್‌ಬಾಲ್ ಲೀಗ್‌ಗಳಲ್ಲಿ ಲಾಕ್‌ಡೌನ್ ನಂತರ ಮೊದಲು ಆಟ ಶುರು ಮಾಡಿದ್ದು ಅದೇ. ಪ್ರೇಕ್ಷಕರಿಲ್ಲದ ಇಂಥ ಆಟಗಳಿಗೆ ಜರ್ಮನ್ನರು ದೆವ್ವದ ಪಂದ್ಯ ಅಂತಲೇ ಕರೆಯುತ್ತಾರೆ. ಡಾರ್ಟ್‌ಮುಂಡ್ ಮತ್ತು ಶಾಲ್ಕೆ ನಡುವಿನ ಪಂದ್ಯಕ್ಕೆ ಸಾಮಾನ್ಯವಾಗಿ ಎಂಬತ್ತು ಸಾವಿರ ಜನ ಸೇರುತ್ತಾರೆ. ಆ ದಿನ ಕೇಳಿಸಿದ್ದು ಚೆಂಡಿಗೆ ಒದೆಯುವ ಸದ್ದು, ಕೋಚ್‌ಗಳ ಕೂಗಾಟ, ಒಬ್ಬರನ್ನೊಬ್ಬರು ಕರೆಯುವ ದನಿ. ಬಯ್ಗುಳವೂ ಸ್ಪಷ್ಟ! ಟಿವಿಯವರಿಗೆ ಇದೂ ಒಂದು ತಲೆನೋವೇ. ಜನರ ಗದ್ದಲ ಹಾಕಿದ್ದಕ್ಕೆ ಆಟಗಾರರ ಬಾಯಿ ಮುಚ್ಚಿಸುವ ಕಾರಣವೂ ಸೇರಿತ್ತು.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಟಿವಿಯಲ್ಲಿ ಆಟ ನೋಡುವಾಗ ನಾವು ಅರ್ಧ ಆಟವನ್ನು ಕಿವಿಯಲ್ಲೇ ನೋಡುತ್ತೇವೆ. ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತಿರುವವರು ಹಾಲ್‌ಗೆ ಓಡಿ ಬರುವುದು ಕಾಮೆಂಟರಿ ಕೇಳಿ ಅಲ್ಲ, ಜನರ ಗದ್ದಲ ಏರಿದ್ದನ್ನು ಕೇಳಿ. ಮೊಬೈಲ್‌ನಲ್ಲಿ ಮ್ಯಾಚ್ ನೋಡುವವರಿಗೆ ಇದರ ಕಾಟವೂ ಗೊತ್ತು. ಪಕ್ಕದ ಮನೆಯ ಟಿವಿ ನಿಮ್ಮ ಮೊಬೈಲ್‌ಗಿಂತ ಒಂದಷ್ಟು ಸೆಕೆಂಡ್ ಮುಂದಿರುತ್ತದೆ. ಇಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ, ಅಲ್ಲಿ "ಹೋ" ಅಂತ ಸದ್ದು ಬಂದುಬಿಡುತ್ತದೆ. ಏನಾಯಿತು ಅಂತ ಚಿತ್ರಕ್ಕಿಂತ ಮೊದಲು ಹೇಳುವುದು ಆ ಸದ್ದೇ. ಅದನ್ನು ತೆಗೆದುಬಿಟ್ಟರೆ ನೋಡುವವರಿಗೆ ಯಾವುದು ಮುಖ್ಯ, ಯಾವುದು ಅಲ್ಲ ಅನ್ನುವ ಸುಳಿವೇ ತಪ್ಪಿಹೋಗುತ್ತದೆ.

ಹಾಗಾಗಿ ಟಿವಿ ಕಂಪನಿಗಳು ಸದ್ದು ಹುಡುಕಲು ಹೊರಟವು. ಅದು ಸಿಕ್ಕಿದ್ದು ಎರಡು ಕಡೆ. ಒಂದು, ತಮ್ಮದೇ ಹಳೆಯ ಪಂದ್ಯಗಳ ರೆಕಾರ್ಡಿಂಗ್. ಜರ್ಮನಿಯ ಸ್ಕೈ ಚಾನೆಲ್ ಅದೇ ತಂಡಗಳ ಹಿಂದಿನ ಪಂದ್ಯಗಳ ಸದ್ದನ್ನು ಬಳಸಿಕೊಂಡಿತು. ಎರಡನೆಯದು ವಿಡಿಯೋ ಗೇಮ್. ಗೇಮ್ ಮಾಡುವ ಕಂಪನಿಗಳು ವರ್ಷಗಟ್ಟಲೆ ಸ್ಟೇಡಿಯಂಗಳಿಗೆ ಹೋಗಿ ಜನರ ಕೂಗನ್ನು ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದವು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಜೂನ್ 17ರಂದು ಮತ್ತೆ ಶುರುವಾದಾಗ ಸ್ಕೈ ಸ್ಪೋರ್ಟ್ಸ್ ಇಎ ಸ್ಪೋರ್ಟ್ಸ್‌ನವರ ಫಿಫಾ ಗೇಮಿನ ಭಂಡಾರದಿಂದ ಸದ್ದು ತಂದಿತು. ಸ್ಪೇನ್‌ನ ಲಾ ಲೀಗಾ ಕೂಡ ಹಾಗೇ ಮಾಡಿತು. ಅಮೆರಿಕದ ಬೇಸ್‌ಬಾಲ್ ಲೀಗ್‌ಗೂ ಒಂದು ಬೇಸ್‌ಬಾಲ್ ಗೇಮಿನಿಂದಲೇ ಸದ್ದು ಬಂತು. ನಿಜವಾದ ಸ್ಟೇಡಿಯಂನಿಂದ ಗೇಮಿಗೆ ಹೋದ ಕೂಗು ಗೇಮಿನಿಂದ ನಿಜವಾದ ಸ್ಟೇಡಿಯಂಗೆ ವಾಪಸ್ ಬಂತು!

ಇದನ್ನು ಹಾಕುವ ವಿಧಾನ ನೋಡಿ. ತಳದಲ್ಲಿ ಒಂದು ಗುಜುಗುಜು ಇರುತ್ತದೆ. ಸಾವಿರಾರು ಜನ ಒಂದೇ ಕಡೆ ಕೂತಾಗ ತಾನೇ ಏಳುವ ಸದ್ದು ಅದು. ಪಂದ್ಯ ಮುಗಿಯುವವರೆಗೂ ನಿಲ್ಲುವುದಿಲ್ಲ. ಈ ತುಣುಕು ಉದ್ದವಾಗಿರಬೇಕು. ಚಿಕ್ಕದನ್ನು ತಿರುಗಿಸಿ ತಿರುಗಿಸಿ ಹಾಕಿದರೆ ಅದರೊಳಗಿನ ಒಂದೇ ಒಂದು ಶಿಳ್ಳೆ ಮತ್ತೆ ಮತ್ತೆ ಕೇಳಿಸಿ ಗುಟ್ಟು ರಟ್ಟಾಗುತ್ತದೆ. ಅದರ ಮೇಲೆ ಪ್ರತಿಕ್ರಿಯೆಗಳು: ಸಣ್ಣ ಚಪ್ಪಾಳೆ, "ಛೆ" ಅನ್ನುವ ಉದ್ಗಾರ, ರೆಫರಿಗೆ ಹಾಕುವ ಕೂಗು, ಗೋಲಿನ ಆರ್ಭಟ. ಒಂದೊಂದರಲ್ಲೂ ಸಣ್ಣದು, ದೊಡ್ಡದು ಅಂತ ಬೇರೆ ಬೇರೆ. ಅದರ ಮೇಲೆ ಆಯಾ ತಂಡದ ಅಭಿಮಾನಿಗಳ ಹಾಡು, ಘೋಷಣೆ. ಒಬ್ಬ ಆಪರೇಟರ್ ಪಂದ್ಯ ನೋಡುತ್ತಾ ಕೂತು, ಮುಂದಿರುವ ಬಟನ್ ಒತ್ತಿ ಬೇಕಾದ ಸದ್ದನ್ನು ಬಿಡುತ್ತಾ ಹೋಗುತ್ತಾನೆ.

ಕೇಳಲು ಸುಲಭ ಅನಿಸುತ್ತದೆ. ಆದರೆ ಈ ಆಪರೇಟರ್‌ನ ಪಾಡು ಯಾರಿಗೂ ಬೇಡ. ಯಕ್ಷಗಾನದಲ್ಲಿ ಚೆಂಡೆಯವರೂ ವೇಷದ ಮೇಲೆ ಕಣ್ಣಿಟ್ಟೇ ಪೆಟ್ಟು ಹಾಕುತ್ತಾರೆ. ಆದರೆ ಅವರಿಗೆ ಪ್ರಸಂಗ ಗೊತ್ತು. ಭಾಗವತರ ಪದ ಎಲ್ಲಿ ಮುಗಿಯುತ್ತದೆ, ವೇಷಧಾರಿ ಯಾವಾಗ ಸುತ್ತು ಹೊಡೆಯುತ್ತಾನೆ ಅನ್ನುವ ಅಂದಾಜಿರುತ್ತದೆ. ಇಲ್ಲಿ ಮುಂದೇನು ಅನ್ನುವುದು ಯಾರಿಗೂ ಗೊತ್ತಿಲ್ಲ. ಸ್ಟ್ರೈಕರ್ ಒದ್ದ ಚೆಂಡು ಬಲೆ ಸೇರುತ್ತದೋ, ಕಂಬಕ್ಕೆ ಬಡಿಯುತ್ತದೋ ನೋಡಿದ ಮೇಲೆಯೇ ಬಟನ್ ಒತ್ತಬೇಕು. ಅಷ್ಟರಲ್ಲಿ ಅರ್ಧ ಸೆಕೆಂಡ್ ಹೋಗಿರುತ್ತದೆ.

ಆ ಅರ್ಧ ಸೆಕೆಂಡ್‌ನಲ್ಲೇ ಎಲ್ಲ ಇರುವುದು. ನಿಜವಾದ ಜನ ಗೋಲಾದ ಮೇಲೆ ಕೂಗಲು ಶುರು ಮಾಡುವುದಿಲ್ಲ. ಮೈದಾನದ ಅಂಚಿನ ಕಡೆಯಿಂದ ಒಬ್ಬ ಚೆಂಡು ತೆಗೆದುಕೊಂಡು ಓಡಿದಾಗಲೇ ಸದ್ದು ಏರುತ್ತದೆ. ಅವನು ಒಬ್ಬನನ್ನು ದಾಟಿದರೆ ಇನ್ನಷ್ಟು ಏರುತ್ತದೆ. ಕ್ರಿಕೆಟ್‌ನಲ್ಲಂತೂ ಇದು ಇನ್ನೂ ಸ್ಪಷ್ಟ. ಚೆಂಡು ಮೇಲೆ ಹೋಯಿತು, ಸದ್ದು ಏರಿತು. ಫೀಲ್ಡರ್ ಬೌಂಡರಿ ಗೆರೆಯ ಹತ್ತಿರ ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದಾನೆ, ಸದ್ದು ತೂಗಾಡುತ್ತಿದೆ. ಕ್ಯಾಚ್ ಹಿಡಿದ, ಸದ್ದು ಕುಸಿಯಿತು. ಈ ಏರಿಳಿತ ನಡೆಯುವುದು ಫಲಿತಾಂಶ ಗೊತ್ತಾಗುವ ಮೊದಲೇ. ಕೃತಕ ಸದ್ದಿಗೆ ಆಗದಿರುವುದು ಇದೇ. ಅದು ಆಗಿದ್ದಕ್ಕೆ ಕೂಗಬಲ್ಲದು, ಆಗಬಹುದಾದ್ದಕ್ಕೆ ಕೂಗಲಾರದು. ನಿಜವಾದ ಜನರು ತಪ್ಪೂ ಮಾಡುತ್ತಾರೆ ನೋಡಿ. ಚೆಂಡು ಬಲೆಯ ಹೊರಮೈಗೆ ತಗುಲಿ ಅಲುಗಾಡಿದಾಗ ಎದುರು ಬದಿಯ ಗ್ಯಾಲರಿಯವರು ಗೋಲ್ ಅಂತ ಎದ್ದು ಕುಣಿದು, ಆಮೇಲೆ ಪೆಚ್ಚಾಗಿ ಕೂತುಕೊಳ್ಳುತ್ತಾರೆ. ಅಂಥ ತಪ್ಪು ಮಾಡುವ ಧೈರ್ಯ ಯಾವ ಆಪರೇಟರ್‌ಗೂ ಇರಲಿಕ್ಕಿಲ್ಲ.

ಎರಡನೆಯ ತೊಡಕು, ಯಾರ ಪರ ಕೂಗಬೇಕು ಅನ್ನುವುದು. ಫುಟ್‌ಬಾಲ್ ಲೀಗ್‌ಗಳಲ್ಲಿ ಅದು ಸುಲಭ, ತವರು ತಂಡದ ಪರ. ಯುಎಇಯಲ್ಲಿ ಆಡಿದ ಐಪಿಎಲ್‌ನಲ್ಲಿ ತವರು ಎಲ್ಲಿಂದ ಬರಬೇಕು? ಹಾಗಾಗಿ ಬೌಂಡರಿಗೂ ಗದ್ದಲ, ವಿಕೆಟ್ ಬಿದ್ದರೂ ಅಷ್ಟೇ ಗದ್ದಲ. ನನಗೆ ಕಿರಿಕಿರಿ ಆಗುತ್ತಿದ್ದದ್ದು ಇಲ್ಲೇ. ಚಿನ್ನಸ್ವಾಮಿಯಲ್ಲಿ ಕೊಹ್ಲಿ ಔಟಾದರೆ ಏನು ಕೇಳಿಸುತ್ತದೆ? ಏನೂ ಕೇಳಿಸುವುದಿಲ್ಲ. ಆ ಏನೂ ಇಲ್ಲದಿರುವುದೂ ಕ್ರೌಡ್ ನಾಯ್ಸ್‌ನ ಭಾಗವೇ. 2023ರ ವಿಶ್ವಕಪ್ ಫೈನಲ್‌ಗೆ ಮುಂಚೆ ಆಸ್ಟ್ರೇಲಿಯಾ ನಾಯಕ ಪ್ಯಾಟ್ ಕಮಿನ್ಸ್, ತುಂಬಿದ ಸ್ಟೇಡಿಯಂ ಸುಮ್ಮನಾಗುವುದನ್ನು ಕೇಳುವುದಕ್ಕಿಂತ ಖುಷಿ ಬೇರೆ ಇಲ್ಲ ಅನ್ನುವ ಅರ್ಥದ ಮಾತು ಹೇಳಿದ್ದರು. ಮರುದಿನ ಅಹಮದಾಬಾದ್‌ನಲ್ಲಿ 54 ರನ್ ಗಳಿಸಿದ್ದ ಕೊಹ್ಲಿಯನ್ನು ಅವರೇ ಬೌಲ್ಡ್ ಮಾಡಿದರು. ಆಗ ಆ ಜನಸಾಗರ ಹೇಗೆ ತೆಪ್ಪಗಾಯಿತು ಅನ್ನುವುದು ಮ್ಯಾಚ್ ನೋಡಿದ ಯಾರಿಗೂ ಮರೆಯುವಂತಿಲ್ಲ. ಆಪರೇಟರ್‌ಗೆ ಇಂಥ ಮೌನಕ್ಕೆ ಬಟನ್ ಕೊಟ್ಟಿರುವುದಿಲ್ಲ. ಕೊಟ್ಟರೂ ಒತ್ತಿದಾಗ ಸೌಂಡ್ ಕೈಕೊಟ್ಟಿತು ಅಂತ ನೋಡುವವರು ರಿಮೋಟ್ ಹುಡುಕುತ್ತಾರೆ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಹೆಚ್ಚಿನದು ಟಿವಿಗೆ ಮಾತ್ರ ಸೇರಿಸಿದ ಸದ್ದು. ಮೈದಾನದಲ್ಲಿರುವವರಿಗೆ ಅದು ಕೇಳಿಸುವುದೇ ಇಲ್ಲ. ಬುಂಡೆಸ್‌ಲೀಗಾ, ಪ್ರೀಮಿಯರ್ ಲೀಗ್ ಪ್ರಸಾರಗಳಲ್ಲಿ ಬೇಡದವರು ಸದ್ದಿಲ್ಲದ ಆಯ್ಕೆಗೂ ಹೋಗಬಹುದಿತ್ತು. ಇನ್ನೊಂದು ಬಗೆಯಲ್ಲಿ ಸ್ಟೇಡಿಯಂನ ಸ್ಪೀಕರ್‌ಗಳಿಂದಲೇ ಸದ್ದು ಹಾಕುತ್ತಾರೆ, ಅದು ಆಟಗಾರರ ಕಿವಿಗೂ ಬೀಳುತ್ತದೆ. ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ 2020ರಲ್ಲಿ ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ನಡೆದಾಗ ಹೀಗೇ ಮಾಡಿದರು. ಅಂಕಣದ ಸುತ್ತ ದೊಡ್ಡ ಪರದೆಗಳಲ್ಲಿ ಮನೆಯಲ್ಲಿ ಕೂತ ಅಭಿಮಾನಿಗಳ ಮುಖ, ಸ್ಪೀಕರ್‌ನಲ್ಲಿ ಗದ್ದಲ. ಎರಡನ್ನೂ ಒಂದೇ ಅಂದುಕೊಂಡು ಚರ್ಚೆ ಮಾಡುವವರು ಜಾಸ್ತಿ. ಆದರೆ ಮೊದಲನೆಯದು ಬರೀ ಮನರಂಜನೆ. ಎರಡನೆಯದು ಆಟವನ್ನೇ ಬದಲಿಸಬಹುದು.

ಹೇಗೆ ಅಂತೀರಾ? ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 40 ಫುಟ್‌ಬಾಲ್ ರೆಫರಿಗಳಿಗೆ ಒಂದೇ ಪಂದ್ಯದ 47 ಟ್ಯಾಕಲ್‌ಗಳ ವಿಡಿಯೋ ತೋರಿಸಿ, ಫೌಲ್ ಹೌದೋ ಅಲ್ಲವೋ ಹೇಳಿ ಅಂದರು. ಕೆಲವರಿಗೆ ಜನರ ಸದ್ದಿನ ಜೊತೆ, ಕೆಲವರಿಗೆ ಸದ್ದಿಲ್ಲದೆ. ಸದ್ದು ಕೇಳಿದವರು ತವರು ತಂಡದ ವಿರುದ್ಧ ಕೊಟ್ಟ ಫೌಲ್‌ಗಳು 15.5 ಶೇಕಡಾ ಕಡಿಮೆ. ಅಂದರೆ ಜನ ಎದುರಿಗಿಲ್ಲದಿದ್ದರೂ ಬರೀ ಸದ್ದೇ ತೀರ್ಪನ್ನು ಅಲುಗಾಡಿಸಿತ್ತು. 2020ರಲ್ಲಿ ಯುರೋಪಿನ ಮೈದಾನಗಳು ಖಾಲಿಯಾದ ಮೇಲೆ ನಡೆದ ಅಧ್ಯಯನಗಳೂ ಇದಕ್ಕೆ ಹೊಂದಿಕೊಂಡವು. ಎದುರಾಳಿ ತಂಡಕ್ಕೆ ಸಿಗುತ್ತಿದ್ದ ಹಳದಿ ಕಾರ್ಡುಗಳು ಇಳಿದಿದ್ದವು. ಟಿವಿಯಲ್ಲಿ ಎಷ್ಟೇ ಆರ್ಭಟ ಇದ್ದರೂ ರೆಫರಿಯ ಕಿವಿಗೆ ಅದು ತಲುಪುತ್ತಿರಲಿಲ್ಲವಲ್ಲ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ವಿಷಯ ಇನ್ನೂ ಸೂಕ್ಷ್ಮ. ಅಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಪ್ರತಿ ಸಲ ಆಟ ಶುರುವಾಗುವ ಮುಂಚೆ ತನ್ನ ತಂಡದವರಿಗೆ ಕೂಗಿ ಸೂಚನೆ ಕೊಡುತ್ತಾನೆ. ಅದು ಕೇಳಿಸದಿದ್ದರೆ ಲೆಕ್ಕಾಚಾರವೆಲ್ಲ ತಲೆಕೆಳಗು. ಹಾಗಾಗಿ ಎದುರಾಳಿ ಚೆಂಡು ಇಟ್ಟುಕೊಂಡಾಗ ತವರಿನ ಜನ ಗಂಟಲು ಹರಿಯುವಂತೆ ಕಿರುಚುತ್ತಾರೆ, ತಮ್ಮವರ ಸರದಿ ಬಂದಾಗ ತೆಪ್ಪಗಿರುತ್ತಾರೆ. 2014ರಲ್ಲಿ ಕಾನ್ಸಾಸ್ ಸಿಟಿಯ ಆರೋಹೆಡ್ ಸ್ಟೇಡಿಯಂನಲ್ಲಿ ಜನ ಎಬ್ಬಿಸಿದ ಸದ್ದು 142.2 ಡೆಸಿಬೆಲ್ ಮುಟ್ಟಿ ಗಿನ್ನೆಸ್ ದಾಖಲೆಯಾಯಿತು.

ಎಲ್ಲ ಊರಿನ ಜನ ಅಷ್ಟು ಗಂಟಲು ಕೊಡುವುದಿಲ್ಲ. ಅಟ್ಲಾಂಟಾ ಫಾಲ್ಕನ್ಸ್ ತಂಡದವರು ಇದಕ್ಕೊಂದು ಅಡ್ಡದಾರಿ ಹಿಡಿದರು. 2013 ಮತ್ತು 2014ರ ಸೀಸನ್‌ಗಳಲ್ಲಿ ತಮ್ಮ ಜಾರ್ಜಿಯಾ ಡೋಮ್ ಸ್ಟೇಡಿಯಂನಲ್ಲಿ ಜನ ಇರುವಾಗಲೇ ಸ್ಪೀಕರ್‌ನಿಂದ ಜನರ ಗದ್ದಲವನ್ನೂ ಬೆರೆಸಿ ಹಾಕಿದರು. ಸಿಕ್ಕಿಬಿದ್ದರು. 2015ರಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ನಡೆಸುವ ಎನ್‌ಎಫ್‌ಎಲ್ ಅವರಿಗೆ 3.5 ಲಕ್ಷ ಡಾಲರ್ ದಂಡ ಹಾಕಿತು. ಮುಂದಿನ ವರ್ಷ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಐದನೇ ಸುತ್ತಿನ ಒಂದು ಅವಕಾಶವನ್ನೂ ಕಿತ್ತುಕೊಂಡಿತು.

ಐದು ವರ್ಷ ಕಳೆದು, ಕೊರೊನಾ ಕಾಲದಲ್ಲಿ ಅದೇ ಎನ್‌ಎಫ್‌ಎಲ್, ಒಂದೊಂದು ತಂಡದ ಹಳೆಯ ರೆಕಾರ್ಡಿಂಗ್‌ಗಳಿಂದ ಸದ್ದು ತಯಾರಿಸಿ ತಾನೇ ಕೈಗೆ ಕೊಟ್ಟು, ಹಾಕಿ ಅಂದಿತು. ಕಾಲ ಅಂದರೆ ಇದೇ ಅಲ್ವಾ! ಆದರೆ ಹಳೆಯ ಪಾಠ ಮರೆತಿರಲಿಲ್ಲ. ಸೀಸನ್ ಶುರುವಿನಲ್ಲಿ ಸ್ಟೇಡಿಯಂ ಒಳಗಿನ ಈ ಗುಜುಗುಜು 70 ಡೆಸಿಬೆಲ್‌ನಲ್ಲಿರಬೇಕು ಅನ್ನುವ ಮಿತಿ ಇತ್ತು. ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟು ಏರುತ್ತದೆ. 142ರ ಎದುರು 70 ಅಂದರೆ ಇಬ್ಬರು ಕೂತು ಸ್ವಲ್ಪ ಜೋರಾಗಿ ಮಾತಾಡಿದಷ್ಟು. ಕ್ವಾರ್ಟರ್‌ಬ್ಯಾಕ್‌ನ ಮಾತು ಎದುರಾಳಿಗೆ ಪೂರ್ತಿ ಕೇಳಿಸದಂತೆ ಒಂದು ಪರದೆ ಹಾಕಲು ಅಷ್ಟು ಸಾಕು. ತನ್ನವರಿಗೇ ಕೇಳಿಸದಂತೆ ಮಾಡಲು ಸಾಲದು.

ಪ್ರೇಕ್ಷಕರು ವಾಪಸ್ ಬಂದರು. 2021ರ ಸೆಪ್ಟೆಂಬರ್‌ನಲ್ಲಿ ಐಪಿಎಲ್‌ನ ಉಳಿದರ್ಧ ಯುಎಇಯಲ್ಲಿ ನಡೆದಾಗ ಸ್ವಲ್ಪ ಜನರನ್ನು ಒಳಗೆ ಬಿಟ್ಟಿದ್ದರು. ಟಿವಿಗೆ ಬಟನ್ ಒತ್ತಿ ಸದ್ದು ಬಿಡುವ ಕೆಲಸ ಆಮೇಲೆ ಹೆಚ್ಚುಕಮ್ಮಿ ನಿಂತೇ ಹೋಯಿತು. ಆದರೆ ಈ ಸದ್ದು ಕೊರೊನಾಕ್ಕೂ ಮುಂಚೆಯಿಂದ ಇದ್ದ ಒಂದು ಜಾಗದಲ್ಲಿ ಈಗಲೂ ಇದೆ. ಗದ್ದಲಕ್ಕೆ ಹೆಸರಾದ ಊರಿಗೆ ಆಡಲು ಹೋಗುವ ಮುಂಚೆ ಅಮೆರಿಕನ್ ಫುಟ್‌ಬಾಲ್ ಕೋಚ್‌ಗಳು ಅಭ್ಯಾಸದ ಮೈದಾನದ ಪಕ್ಕ ದೊಡ್ಡ ಸ್ಪೀಕರ್ ತಂದಿಟ್ಟು ಜನರ ಆರ್ಭಟ ಹಾಕುತ್ತಾರೆ. ಕೂಗಿದರೂ ಕೇಳಿಸದ ಕಡೆ ಕೈಸನ್ನೆಯಲ್ಲೇ ಆಡುವುದು ಹೇಗೆ ಅಂತ ಆಟಗಾರರು ಕಲಿಯುವುದು ಆ ಸದ್ದಿನಲ್ಲೇ. ಅಭ್ಯಾಸದ ದಿನ ಅದಕ್ಕೆ ಯಾರ ತಕರಾರೂ ಇಲ್ಲ, ದಂಡವೂ ಇಲ್ಲ.