ಪಿಸ್ತೂಲು ಹಿಡಿಯುವ ಕೈ, ಗುರಿ ನೋಡುವ ಕಣ್ಣು

ಓದುವುದನ್ನು ಒಂದು ನಿಮಿಷ ನಿಲ್ಲಿಸಿ. ಎರಡೂ ಕೈ ಮುಂದಕ್ಕೆ ಚಾಚಿ, ಹೆಬ್ಬೆರಳು ತೋರುಬೆರಳುಗಳನ್ನು ಜೋಡಿಸಿ ಮಧ್ಯೆ ಸಣ್ಣ ಕಿಂಡಿ ಮಾಡಿಕೊಳ್ಳಿ. ಎರಡೂ ಕಣ್ಣು ತೆರೆದೇ ಇರಲಿ. ಎದುರು ಗೋಡೆಯ ಗಡಿಯಾರ ಆ ಕಿಂಡಿಯೊಳಗೆ ಕಾಣಲಿ. ಈಗ ಎಡಗಣ್ಣು ಮುಚ್ಚಿ. ಗಡಿಯಾರ ಅಲ್ಲೇ ಇದ್ದರೆ ನಿಮಗೆ ಬಲಗಣ್ಣೇ ಯಜಮಾನ. ಜಾರಿ ಮಾಯವಾಯಿತಾ? ಹಾಗಾದರೆ ಎಡಗಣ್ಣು.

ಎರಡು ಕಣ್ಣಲ್ಲಿ ಒಂದು ಹೀಗೆ ಮುಂದಾಳಾಗಿರುತ್ತದೆ ಅನ್ನುವುದನ್ನು ಇಟಲಿಯ ವಿದ್ವಾಂಸ ಡೆಲ್ಲಾ ಪೋರ್ಟಾ 1593ರಲ್ಲೇ ಬರೆದಿಟ್ಟಿದ್ದ. ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಬಲಗಣ್ಣು ಮುಂದು. ಎಡಚರಾದರೋ ಹತ್ತರಲ್ಲಿ ಒಬ್ಬರು. ಅಂದರೆ ಬಲಗೈಯಲ್ಲಿ ಬರೆಯುವ, ಬಲಗೈಯಲ್ಲಿ ಉಣ್ಣುವ ಎಷ್ಟೋ ಜನರ ಯಜಮಾನ ಕಣ್ಣು ಎಡಗಡೆ ಕೂತಿದೆ, ಅದು ಅವರಿಗೆ ಗೊತ್ತೇ ಇಲ್ಲ. ತರಕಾರಿ ಹೆಚ್ಚುವಾಗ, ಬೈಕ್ ಓಡಿಸುವಾಗ ಅದರಿಂದ ಏನೂ ತೊಂದರೆಯಿಲ್ಲ. ಪಿಸ್ತೂಲು ಹಿಡಿದಾಗ ಮಾತ್ರ ತೊಂದರೆ ಶುರುವಾಗುತ್ತದೆ.

ನಾನೂ ಅಂಥವನೇ. ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಏರ್ ಪಿಸ್ತೂಲ್ ಕಲಿಯಲು ಹೋದ ಮೊದಲ ದಿನ ಕೇಳಿದ್ದು ಒಂದೇ ಪ್ರಶ್ನೆ, ಬಲಗೈನಾ ಎಡಗೈನಾ ಅಂತ. ಕಣ್ಣಿನ ವಿಷಯ ಯಾರೂ ಎತ್ತಲಿಲ್ಲ. ಮೂರು ತಿಂಗಳು ಸೈಟ್, ಅಂದರೆ ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಗುರುತು, ಒಮ್ಮೆ ಒಂದಾಗಿ, ಒಮ್ಮೆ ಎರಡಾಗಿ ಕಾಣುತ್ತಿತ್ತು. ಕೈ ನಡುಗುತ್ತಿದೆ ಅಂತ ಸುಮ್ನೆ ಕೈಯನ್ನೇ ಪಳಗಿಸುತ್ತಾ ಕೂತೆ. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ಹೊಸಬರಿಗೆ ಪಿಸ್ತೂಲು ಕೊಡುವ ಮೊದಲೇ ಇದನ್ನು ಮಾಡಿಸಲೇಬೇಕು.

ಅಷ್ಟು ಸೂಕ್ಷ್ಮ ಯಾಕೆ ಅಂದರೆ, ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಹತ್ತು ಅಂಕದ ವೃತ್ತದ ಅಗಲ ಬರೀ 11.5 ಮಿಲಿಮೀಟರ್. ಒಂದು ರೂಪಾಯಿ ನಾಣ್ಯದ ಹತ್ತಿರಹತ್ತಿರ ಅರ್ಧ. ಪಿಸ್ತೂಲಿನ ಹಿಂದಿನ ಸೈಟಿಗೂ ಮುಂದಿನದಕ್ಕೂ ನಡುವೆ ಒಂದು ಅಡಿಯಷ್ಟು ಅಂತರ. ಇಲ್ಲಿ ಮುಂದಿನ ಸೈಟ್ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಅಲ್ಲಿ ಗುಂಡು ಸುಮಾರು ಮೂರು ಸೆಂಟಿಮೀಟರ್ ಆಚೆ ಹೋಗುತ್ತದೆ. ಹತ್ತು ಬರಬೇಕಾದಲ್ಲಿ ಏಳು. ಹಾಗಾಗಿ ಶೂಟರ್ ನೋಡುವುದು ಗುರಿಯನ್ನಲ್ಲ, ಮುಂದಿನ ಸೈಟನ್ನು. ಕಣ್ಣಿಗೆ ಒಂದು ಸಲಕ್ಕೆ ಒಂದೇ ದೂರ ಸ್ಪಷ್ಟ. ಸೈಟ್ ಗೆರೆ ಎಳೆದಷ್ಟು ಚೊಕ್ಕವಾಗಿ ಕಾಣಬೇಕು, ಗುರಿಯ ಕಪ್ಪು ವೃತ್ತ ಮಸುಕಾಗಿದ್ದರೆ ಪರವಾಗಿಲ್ಲ. ಇದನ್ನು ನಂಬಿ ಟ್ರಿಗರ್ ಒತ್ತುವುದಕ್ಕೆ ನನಗೆ ತುಂಬಾ ದಿನ ಬೇಕಾಯಿತು.

ಈ ಆಟದಲ್ಲಿ ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯಬೇಕು, ಇನ್ನೊಂದು ಕೈ ತಾಗಿಸುವಂತಿಲ್ಲ. ಬಲಗೈಯವರು ಬಲ ಭುಜವನ್ನು ಗುರಿಯ ಕಡೆ ಮಾಡಿ ಅಡ್ಡಕ್ಕೆ ನಿಲ್ಲುತ್ತಾರೆ. ಸುಮಾರು ಒಂದು ಕಿಲೋ ತೂಕ ತೋಳಿನ ತುದಿಯಲ್ಲಿ ತೂಗುವುದರಿಂದ ಬೆನ್ನು ಒಂಚೂರು ಹಿಂದಕ್ಕೆ ವಾಲಿಸಿ ಸಮತೋಲ ಮಾಡಿಕೊಳ್ಳುತ್ತಾರೆ. ಖಾಲಿ ಕೈ ಜೋತುಬಿದ್ದು ಅಲ್ಲಾಡಿದರೆ ಮೈಯೆಲ್ಲ ಅಲ್ಲಾಡುತ್ತದೆ, ಅದಕ್ಕೇ ಜೇಬಿಗೆ ಸೇರಿಸುವುದು. 2024ರ ಪ್ಯಾರಿಸ್‌ನಲ್ಲಿ ಟರ್ಕಿಯ ಯೂಸುಫ್ ಡಿಕೆಚ್ ಜೇಬಲ್ಲಿ ಕೈಯಿಟ್ಟು ಬೆಳ್ಳಿ ಗೆದ್ದ ಫೋಟೊ ನೀವೂ ನೋಡಿರುತ್ತೀರಿ, ಅಲ್ವಾ? ಅದು ಸ್ಟೈಲ್ ಅಂತ ಎಲ್ಲರೂ ಅಂದುಕೊಂಡರು. ಪಕ್ಕದಲ್ಲಿ ನಿಂತಿದ್ದ ಶೂಟರ್‌ಗಳ ಕೈಯೂ ಜೇಬಿನಲ್ಲೋ ಬೆಲ್ಟಿನಲ್ಲೋ ಇರುವುದೇ ವಾಡಿಕೆ.

ಎರಡೂ ಕೈಯಲ್ಲಿ ಹಿಡಿಯುವ ಭಂಗಿಗಳ ಕಥೆ ಬೇರೆ. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಸ್ಪರ್ಧೆಗಳಲ್ಲಿ ಜ್ಯಾಕ್ ವೀವರ್ ಎಂಬ ಪೊಲೀಸ್ ಅಧಿಕಾರಿ ಬಲಗಾಲು ಹಿಂದಿಟ್ಟು, ಬಲಗೈಯಿಂದ ಮುಂದಕ್ಕೆ ದೂಡುತ್ತಾ ಎಡಗೈಯಿಂದ ಹಿಂದಕ್ಕೆ ಎಳೆಯುತ್ತಾ ಗುಂಡು ಹಾರಿಸಿ ಗೆಲ್ಲತೊಡಗಿದ. ಎರಡು ಕೈಗಳ ಈ ಜಗ್ಗಾಟ ಪಿಸ್ತೂಲಿನ ಒದೆತವನ್ನು ಹಿಡಿದಿಡುತ್ತದೆ. ಎಡಚರು ಇದನ್ನು ಕನ್ನಡಿಯಲ್ಲಿ ಕಂಡಂತೆ ಪೂರ್ತಿ ತಿರುಗಿಸಿಕೊಳ್ಳಬೇಕು. ಇನ್ನೊಂದು ಭಂಗಿಗೆ ಶಾಲೆಯ ಗಣಿತದ ಹೆಸರೇ ಇದೆ, ಸಮದ್ವಿಬಾಹು. ಎರಡೂ ತೋಳು ನೇರ, ಎದೆ ಮೂರನೇ ಬಾಹು. ಒದೆತ ಎರಡೂ ಭುಜಕ್ಕೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತದೆ. ಇದರಲ್ಲಿ ಎಡ ಬಲದ ವ್ಯತ್ಯಾಸ ತೀರಾ ಕಡಿಮೆ, ಪಿಸ್ತೂಲು ಮೂಗಿನ ನೇರಕ್ಕೆ ಬರುವುದರಿಂದ ಯಾವ ಕಣ್ಣಾದರೂ ನಡೆಯುತ್ತದೆ. ಹೊಸದಾಗಿ ಕಲಿಯುವವರಿಗೆ, ಅದರಲ್ಲೂ ಎಡಚರಿಗೆ, ಇದೇ ಹಿತ ಅಂತ ನನ್ನ ಅಭಿಪ್ರಾಯ.

ಎಡಚರಿಗೆ ಕಷ್ಟ ಜಾಸ್ತಿ ಬರುವುದು ಪಿಸ್ತೂಲಿನಿಂದಲೇ. ಹೆಚ್ಚಿನ ಪಿಸ್ತೂಲುಗಳಲ್ಲಿ ಮ್ಯಾಗಜೀನ್ (ಗುಂಡು ತುಂಬಿಡುವ ಡಬ್ಬಿ) ಬಿಡಿಸುವ ಗುಂಡಿ ಬಲಗೈ ಹೆಬ್ಬೆರಳಿಗೆ ಸಿಗುವ ಹಾಗಿರುತ್ತದೆ. ಸ್ಪರ್ಧೆಯ ಏರ್ ಪಿಸ್ತೂಲಿನ ಮರದ ಹಿಡಿಯನ್ನಂತೂ ಅಂಗೈ ಅಚ್ಚಿಗೇ ಕೆತ್ತಿರುತ್ತಾರೆ, ಬಲಗೈಯದು ಎಡಗೈಗೆ ಕೂರುವುದೇ ಇಲ್ಲ. ತಪ್ಪುಗಳೂ ಕನ್ನಡಿಯಂತೆಯೇ. ಟ್ರಿಗರ್ ಜಗ್ಗಿದರೆ ಬಲಗೈಯವರ ಗುಂಡು ಸಾಮಾನ್ಯವಾಗಿ ಎಡಕ್ಕೆ ಕೆಳಗೆ ಬೀಳುತ್ತದೆ, ಎಡಚರದ್ದು ಬಲಕ್ಕೆ ಕೆಳಗೆ.

ಕೈ ಬದಲಾಯಿಸಲು ಆಗುವುದೇ ಇಲ್ಲವಾ ಅಂದರೆ, ಆಗುತ್ತದೆ. ಹಂಗೆರಿಯ ಸೈನಿಕ ಕರೋಯ್ ಟಕಾಚ್ 1938ರ ತರಬೇತಿಯಲ್ಲಿ ಗ್ರೆನೇಡ್ ಸಿಡಿದು ಬಲಗೈ ಕಳೆದುಕೊಂಡ. ಯಾರಿಗೂ ಹೇಳದೆ ಎಡಗೈಯಲ್ಲಿ ಅಭ್ಯಾಸ ಮಾಡಿದ, ಮರುವರ್ಷವೇ ರಾಷ್ಟ್ರೀಯ ಚಾಂಪಿಯನ್ ಆದ. ಯುದ್ಧದಿಂದ ಎರಡು ಒಲಿಂಪಿಕ್ಸ್ ರದ್ದಾದವು. 1948ರ ಲಂಡನ್‌ನಲ್ಲಿ, 38ನೇ ವಯಸ್ಸಿನಲ್ಲಿ, ಕೆಲವೇ ಸೆಕೆಂಡಿನಲ್ಲಿ ಸರಸರನೆ ಗುಂಡು ಹಾರಿಸುವ ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲಿ 580 ಅಂಕದ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದ. 1952ರಲ್ಲಿ ಮತ್ತೆ ಚಿನ್ನ. ಇದನ್ನು ಬರೆಯುವಾಗಲೂ ಮೈ ಜುಮ್ಮೆನ್ನುತ್ತದೆ.

ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇರುವವರಿಗೆ ಪಿಸ್ತೂಲು ಕೋವಿಗಿಂತ ಕರುಣೆ ತೋರುತ್ತದೆ. ಕೊಡಗಿನಲ್ಲಿ ಕೈಲ್ ಮುಹೂರ್ತದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿದ್ದರೆ ಗೊತ್ತಿರುತ್ತದೆ, ಕೋವಿಯ ಹಿಡಿ ಕೆನ್ನೆಗೆ ಒತ್ತಿಕೊಂಡಿರುತ್ತದೆ, ನಳಿಗೆಯ ನೇರಕ್ಕೆ ಆ ಬದಿಯ ಕಣ್ಣೇ ಬೇಕು. ಬಲ ಭುಜಕ್ಕೆ ಕೋವಿಯಿಟ್ಟು ಎಡಗಣ್ಣಲ್ಲಿ ಗುರಿ ನೋಡುವುದು ಆಗದ ಮಾತು. ಪಿಸ್ತೂಲಾದರೆ ತೋಳಿನ ತುದಿಯಲ್ಲಿದೆ, ಎರಡು ಕಣ್ಣಿನ ನಡುವೆ ಇರುವುದೇ ಆರು ಸೆಂಟಿಮೀಟರ್‌ನಷ್ಟು. ಅಷ್ಟು ಸರಿಸಿದರೆ ಆಯಿತು.

ನಾನೂ ಕೈ ಬದಲಿಸಲಿಲ್ಲ. ಪೂರ್ತಿ ಅಡ್ಡ ನಿಂತಾಗ ಮೂಗು ಎಡಗಣ್ಣಿಗೆ ಅಡ್ಡ ಬರುತ್ತಿತ್ತು, ಅದಕ್ಕೆ ಪಾದ ಸರಿಸಿ ಎದೆಯನ್ನು ಇನ್ನಷ್ಟು ಗುರಿಯ ಕಡೆ ತಿರುಗಿಸಿಕೊಂಡೆ. ಬಲಗಣ್ಣು ಮುಚ್ಚಿದರೆ ಮುಖ ಬಿಗಿಯುತ್ತದೆ, ಅದಕ್ಕೇ ಆ ಕಣ್ಣಿನ ಮುಂದೆ ಬಿಳಿ ಪ್ಲಾಸ್ಟಿಕ್ ಪಟ್ಟಿ ಇಳಿಬಿಟ್ಟೆ. ಬೆಳಕು ಬರುತ್ತದೆ, ಸೈಟ್ ಕಾಣುವುದಿಲ್ಲ. ಆಮೇಲೆ ಕಣ್ಣು ಮುಚ್ಚಿ ತೋಳೆತ್ತಿ, ಕಣ್ಣು ತೆರೆದು ನೋಡುವುದು. ಪಿಸ್ತೂಲು ಗುರಿಯ ಪಕ್ಕಕ್ಕೆ ನೋಡುತ್ತಿದ್ದರೆ ತೋಳನ್ನು ತಿರುಗಿಸಬಾರದು, ಪಾದ ಸರಿಸಬೇಕು. ಹೀಗೆ ಸರಿಸಿ ಸರಿಸಿ, ತೋಳು ತಾನಾಗೇ ನೇರ ಹೋಗಿ ನಿಂತ ದಿನ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಎರಡೂ ಬೂಟಿನ ಸುತ್ತ ಗೆರೆ ಎಳೆದೆ. ಈಗಲೂ ರೇಂಜಿಗೆ ಹೋದ ಕೂಡಲೇ ಮಾಡುವ ಮೊದಲ ಕೆಲಸ ಅದೇ.