ಹೊಳಪು ಆಮೇಲೆ, ಮೊದಲು ನೆಲ ನೋಡಿ

ಹೋದ ಏಪ್ರಿಲ್‌ನಲ್ಲಿ ಮಿಶಿಗನ್‌ನಿಂದ ಒಬ್ಬರು ಫೋನ್ ಮಾಡಿದರು. ದಾವಣಗೆರೆ ಕಡೆಯವರು. "ಸರ್, 1966ರ ಏರ್‌ಸ್ಟ್ರೀಮ್ ಒಂದು ಮಾರಾಟಕ್ಕಿದೆ. ಕನ್ನಡಿ ಇದ್ದಂಗೆ ಹೊಳೀತಿದೆ. ತಗೊಂಡ್ಬಿಡ್ಲಾ?" ಅಂದರು. ಏರ್‌ಸ್ಟ್ರೀಮ್ ಅಂದರೆ ಕಾರಿನ ಹಿಂದೆ ಎಳೆದುಕೊಂಡು ಹೋಗುವ, ಒಳಗೆ ವಾಸ ಮಾಡಬಹುದಾದ ಅಲ್ಯೂಮಿನಿಯಂ ಟ್ರೈಲರ್. ಹದಿನೆಂಟು ಫೋಟೊ ಕಳಿಸಿದ್ದರು. ಎಲ್ಲವೂ ಹೊರಗಿನವು.

"ಒಳಗೆ ಹಿಂದಿನ ಮೂಲೆ ಇದೆಯಲ್ಲ, ಅಲ್ಲಿನ ನೆಲದ ಫೋಟೊ ಒಂದು ಕಳಿಸಿ" ಅಂದೆ.

"ಅಲ್ಲಿ ಕಾರ್ಪೆಟ್ ಹಾಕಿದ್ದಾರೆ ಸರ್."

ಕಾರ್ಪೆಟ್ ಎತ್ತಿ ನೋಡದೆ ಒಂದು ಡಾಲರ್ ಕೂಡ ಕೊಡಬೇಡಿ ಅಂದೆ. ಹಳೆಯ ಅಲ್ಯೂಮಿನಿಯಂ ಟ್ರೈಲರ್ ಕೊಳ್ಳುವವರಿಗೆಲ್ಲ ನಾನು ಹೇಳುವುದು ಇದನ್ನೇ. ಹೊಳಪು ಯಾವತ್ತು ಬೇಕಾದರೂ ಬರಿಸಬಹುದು. ನೆಲ ಹೋಗಿದ್ದರೆ ಇಡೀ ಗಾಡಿ ಬಿಚ್ಚಬೇಕು.

ನಾನು ಕೆಲಸ ಕಲಿತದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ, ವಿಮಾನದ ತಗಡು ಕೆಲಸ. ಈಗ ಒಹಾಯೊದಲ್ಲಿ ಈ ಟ್ರೈಲರ್‌ಗಳನ್ನು ರಿಪೇರಿ ಮಾಡುತ್ತೇನೆ. ಕೇಳಿದವರಿಗೆ ಆಶ್ಚರ್ಯವಾಗುತ್ತದೆ. ಆದರೆ ಕೆಲಸ ಒಂದೇ. ಈ ಟ್ರೈಲರ್ ಹುಟ್ಟಿದ್ದೇ ವಿಮಾನ ಕಟ್ಟುವವರ ಕೈಯಲ್ಲಿ. ಲಿಂಡ್‌ಬರ್ಗ್ ಒಬ್ಬರೇ ಅಟ್ಲಾಂಟಿಕ್ ದಾಟಿದರಲ್ಲ, ಆ 'ಸ್ಪಿರಿಟ್ ಆಫ್ ಸೇಂಟ್ ಲೂಯಿಸ್' ವಿಮಾನ ಕಟ್ಟುವಾಗ ಮೇಲ್ವಿಚಾರಣೆ ನೋಡಿಕೊಂಡವರು ಹಾವ್ಲಿ ಬೌಲಸ್ ಅನ್ನುವವರು. 1934ರಲ್ಲಿ ಅವರೇ 'ರೋಡ್ ಚೀಫ್' ಅನ್ನುವ ಅಲ್ಯೂಮಿನಿಯಂ ಟ್ರೈಲರ್ ತಂದರು. ಅದರ ಬಾಗಿಲು ಮುಂಭಾಗದಲ್ಲಿತ್ತು. ಏರ್‌ಸ್ಟ್ರೀಮ್ ಕಂಪನಿಯ ವಾಲಿ ಬಯಾಮ್ ಆ ವಿನ್ಯಾಸ ತೆಗೆದುಕೊಂಡು, ಬಾಗಿಲನ್ನು ಪಕ್ಕಕ್ಕೆ ತಂದು, 1936ರಲ್ಲಿ 1,200 ಡಾಲರಿಗೆ 'ಏರ್‌ಸ್ಟ್ರೀಮ್ ಕ್ಲಿಪ್ಪರ್' ಮಾರಿದರು. ಯುದ್ಧ ಮುಗಿದ ಮೇಲೆ ಟಲ್ಸಾದ ಸ್ಪಾರ್ಟನ್ ವಿಮಾನ ಕಂಪನಿಯೂ ಟ್ರೈಲರ್ ಕಟ್ಟಲು ಶುರು ಮಾಡಿತು. ವಿಮಾನದಲ್ಲಿ ಇರುವ ಹಾಗೆಯೇ ಇಲ್ಲೂ ಭಾರ ಹೊರುವುದು ಪಕ್ಕೆಲುಬು ಮತ್ತು ಹೊರತಗಡು, ಎರಡೂ ಸೇರಿ.

ಈಗ ನೆಲದ ವಿಷಯ. ಕೆಳಗೆ ಉಕ್ಕಿನ ಚಾಸಿ. ಅದರ ಮೇಲೆ ಪ್ಲೈವುಡ್. ಪ್ಲೈವುಡ್ ಅಂಚಿನ ಮೇಲೆ ಅಲ್ಯೂಮಿನಿಯಂ ಗೂಡು ಕೂತಿರುತ್ತದೆ. ಮೂರನ್ನೂ ಸೇರಿಸಿ ಬೋಲ್ಟ್ ಹಾಕಿರುತ್ತಾರೆ. ಅಂದರೆ ಮೇಲಿನ ಗೂಡನ್ನೂ ಕೆಳಗಿನ ಚಾಸಿಯನ್ನೂ ಹಿಡಿದಿಡುವುದು ನಡುವಿನ ಮರದ ಹಲಗೆ! ಕಿಟಕಿ, ದೀಪ, ಹಿಂದಿನ ಬಂಪರ್ ಸಂದು, ಎಲ್ಲಿಂದ ನೀರು ಸೋರಿದರೂ ಕೊನೆಗೆ ಹೋಗಿ ನಿಲ್ಲುವುದು ಆ ಹಲಗೆಯ ಅಂಚಿನಲ್ಲಿ. ವರ್ಷಗಟ್ಟಲೆ ನೆನೆದರೆ ಮರ ಲಡ್ಡಾಗುತ್ತದೆ. ಬೋಲ್ಟಿಗೆ ಹಿಡಿತ ತಪ್ಪುತ್ತದೆ. ಗೂಡು ಒಂದು ಕಡೆ, ಚಾಸಿ ಒಂದು ಕಡೆ ಆಗುತ್ತದೆ. 60ರ ದಶಕದ ಕೊನೆಯ ಮತ್ತು 70ರ ದಶಕದ ಗಾಡಿಗಳಲ್ಲಿ ಇದು ತುಂಬಾ ಸಾಮಾನ್ಯ.

ನೋಡುವುದು ಕಷ್ಟವಲ್ಲ. ಕಿಸೆಯಲ್ಲಿ ಒಂದು ದಬ್ಬಳ ಇಟ್ಟುಕೊಂಡು ಹೋಗಿ. ಕಾರ್ಪೆಟ್ ಎತ್ತಿ, ಗೋಡೆಗೆ ತಾಗಿದ ಅಂಚಿನಲ್ಲಿ ಚುಚ್ಚಿ. ಟಕ್ ಅಂತ ನಿಂತರೆ ಮರ ಚೆನ್ನಾಗಿದೆ. ಬೆಣ್ಣೆಗೆ ಚುಚ್ಚಿದ ಹಾಗೆ ಇಳಿದರೆ ಕಥೆ ಮುಗಿದಿದೆ. ಆಮೇಲೆ ಹಿಂದಿನ ಬಂಪರ್ ಮೇಲೆ ಒಬ್ಬರನ್ನು ನಿಲ್ಲಿಸಿ, ಮೆಲ್ಲಗೆ ಕುಣಿಯಲು ಹೇಳಿ. ನೀವು ಪಕ್ಕದಲ್ಲಿ ಕೂತು ಸಂದು ನೋಡಿ. ಬಂಪರ್ ಜೊತೆ ಗೂಡೂ ಕುಣಿದರೆ ಸರಿ. ಬಂಪರ್ ಮಾತ್ರ ಕೆಳಗೆ ಹೋಗಿ ಗೂಡು ಅಲ್ಲೇ ನಿಂತರೆ, ಬೆಲೆ ಅರ್ಧಕ್ಕೆ ಇಳಿಸದೆ ಮಾತಾಡಬೇಡಿ.

ಗಾಡಿ ಕೆಳಗೆ ಬಗ್ಗಿ ಅಚ್ಚನ್ನೂ ನೋಡಿ. 60ರ ದಶಕದಿಂದ ಈಚಿನವಕ್ಕೆ ಪಟ್ಟಾ ಸ್ಪ್ರಿಂಗ್ ಇರುವುದಿಲ್ಲ. ಉಕ್ಕಿನ ಕೊಳವೆಯೊಳಗೆ ರಬ್ಬರ್ ಸರಳುಗಳಿರುತ್ತವೆ. ಚಕ್ರ ಹಿಡಿದಿರುವ ತೋಳು ನೆಲದ ಕಡೆ ಇಳಿದಿರಬೇಕು. ಅಡ್ಡಕ್ಕೋ ಮೇಲಕ್ಕೋ ತಿರುಗಿದ್ದರೆ ರಬ್ಬರ್ ಸತ್ತಿದೆ ಅಂತಲೇ ಅರ್ಥ. ರಸ್ತೆಯ ಒಂದೊಂದು ಗುಂಡಿಯ ಪೆಟ್ಟೂ ನೇರ ರಿವೆಟ್‌ಗೆ, ಅಂದರೆ ತಗಡು ಜೋಡಿಸಿರುವ ಲೋಹದ ಮೊಳೆಗೆ, ಬೀಳುತ್ತದೆ. ಹೊಸ ಅಚ್ಚು ಸಿಗುತ್ತದೆ, ಹಾಕಿಸಿ.

ರಿವೆಟ್ ಕೆಲಸ ನನಗೆ ಪ್ರಾಣ. ಹೊರತಗಡಿಗೆ ಹೊಡೆಯುವುದು ಗಟ್ಟಿ ರಿವೆಟ್, ಅದಕ್ಕೆ ಇಬ್ಬರು ಬೇಕೇ ಬೇಕು. ಒಬ್ಬ ಹೊರಗೆ ಗನ್ ಹಿಡಿದು ಹೊಡೆಯುತ್ತಾನೆ. ಇನ್ನೊಬ್ಬ ಒಳಗೆ ಉಕ್ಕಿನ ತುಂಡು ಒತ್ತಿ ಹಿಡಿಯುತ್ತಾನೆ. ಪೆಟ್ಟು ಬಿದ್ದಂತೆಲ್ಲ ರಿವೆಟ್‌ನ ಬಾಲ ಒಳಗಡೆ ಚಪ್ಪಟೆಯಾಗುತ್ತದೆ. ಅದರ ಅಗಲ ರಿವೆಟ್ ದಪ್ಪದ ಒಂದೂವರೆಪಟ್ಟು, ಎತ್ತರ ದಪ್ಪದ ಅರ್ಧ. ಎಚ್‌ಎಎಲ್‌ನಲ್ಲಿ ಮೇಸ್ತ್ರಿ ನಮಗೆ ಬಾಯಿಪಾಠ ಮಾಡಿಸಿದ್ದ ಲೆಕ್ಕ ಇದು. ಗೋಡೆಯ ಆಚೆ ಈಚೆ ಇರುವವರಿಗೆ ಮುಖ ಕಾಣುವುದಿಲ್ಲ, ಗದ್ದಲದಲ್ಲಿ ಮಾತು ಕೇಳುವುದಿಲ್ಲ. ಅದಕ್ಕೆ ಒಳಗಿನವನು ತಗಡಿಗೆ ತಟ್ಟಿ ಹೇಳುತ್ತಾನೆ. ಒಂದು ಸಲ ತಟ್ಟಿದರೆ ಇನ್ನೂ ಹೊಡಿ. ಎರಡು ಸಲ ಅಂದರೆ ಚೆನ್ನಾಗಿ ಕೂತಿದೆ, ಮುಂದೆ ಹೋಗು. ಮೂರು ಸಲ ಅಂದರೆ ಕೆಟ್ಟಿದೆ, ಕೊರೆದು ತೆಗಿ.

ಇದಕ್ಕೆ ಒಳತಗಡನ್ನೆಲ್ಲ ಬಿಚ್ಚಬೇಕು. ಬಿಚ್ಚಿದರೆ ಇಲಿ ಗೂಡು ಖಂಡಿತ ಸಿಗುತ್ತದೆ. ಇಲಿಯ ಮೂತ್ರ ಅಲ್ಯೂಮಿನಿಯಂ ತಿನ್ನುತ್ತದೆ, ಹಾಗಾಗಿ ಎರಡು ತಗಡಿನ ನಡುವೆ ಬಿಸಿ-ಚಳಿ ತಡೆಯಲು ತುಂಬಿದ ಹಳೆಯ ಹತ್ತಿಯಂಥ ಫೈಬರ್‌ಗ್ಲಾಸನ್ನೆಲ್ಲ ತೆಗೆದು ಬಿಸಾಡಿ. ಸಂದುಗಳನ್ನು ಒಳಗಿನಿಂದಲೇ ಸೀಲ್ ಮಾಡಿ. ದಯವಿಟ್ಟು ಸಿಲಿಕೋನ್ ಮಾತ್ರ ಹಚ್ಚಬೇಡಿ. ಒಮ್ಮೆ ಅದು ಹತ್ತಿದ ಜಾಗಕ್ಕೆ ಆಮೇಲೆ ಬೇರೆ ಯಾವುದೂ ಅಂಟುವುದಿಲ್ಲ.

ಹೊಳಪಿನ ಮಾತು ಕೊನೆಗೆ ಇಟ್ಟುಕೊಂಡಿದ್ದೆ. ಹೊರತಗಡು ಬರೀ 0.8 ಮಿಲಿಮೀಟರ್ ದಪ್ಪ. ಅದು ವಿಮಾನಕ್ಕೆ ಬಳಸುವ, ತಾಮ್ರ ಬೆರೆಸಿದ ಅಲ್ಯೂಮಿನಿಯಂ. ಗಟ್ಟಿ, ಆದರೆ ತಾಮ್ರ ಇರುವುದರಿಂದ ತುಕ್ಕು ಹಿಡಿದ ಹಾಗೆ ಬೇಗ ತಿಂದುಹೋಗುತ್ತದೆ. ಅದನ್ನು ಕಾಪಾಡಲು ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ಪದರ ಅಂಟಿಸಿರುತ್ತಾರೆ, ತಲೆಗೂದಲಿಗಿಂತ ತೆಳು. ನಮ್ಮ ಮನೆಯ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದೆವಲ್ವಾ, ಹಾಗೇ ಅಂದುಕೊಳ್ಳಿ. ಕನ್ನಡಿಯಂತೆ ಹೊಳೆಯುವುದು ಆ ಪದರ. ಒಮ್ಮೆ ನನ್ನ ಹತ್ತಿರ 1958ರ ಗಾಡಿಯೊಂದು ಬಂತು. ಮೊದಲು ಯಾರೋ ಸ್ಯಾಂಡರ್ ಹಿಡಿದು ಉಜ್ಜಿದ್ದರು. ಬಲಪಕ್ಕದ ಎರಡು ತಗಡಿನ ಕಲಾಯಿ ಪೂರ್ತಿ ಹೋಗಿತ್ತು. ಎಷ್ಟು ಪಾಲಿಶ್ ಮಾಡಿದರೂ ಮಬ್ಬು ಮಬ್ಬು, ಅಲ್ಲಲ್ಲಿ ಕಪ್ಪು ಚುಕ್ಕೆ. ಅರವತ್ತು ವರ್ಷ ಬಿಸಿಲು ಮಳೆ ತಡೆದ ತಗಡು ಒಂದು ಮಧ್ಯಾಹ್ನದಲ್ಲಿ ಹಾಳಾಗಿತ್ತು. ನನಗೆ ತುಂಬಾ ಸಂಕಟವಾಯಿತು. ಗೀರು ಇದ್ದರೆ ಇರಲಿ ಬಿಡಿ. ಹಳೆಯ ಪ್ಲಾಸ್ಟಿಕ್ ಲೇಪವನ್ನು ಸ್ಟ್ರಿಪ್ಪರ್ (ಲೇಪ ಕರಗಿಸುವ ದ್ರಾವಣ) ಹಚ್ಚಿ ತೆಗೆಯಿರಿ. ನಂತರ ಮೆತ್ತಗಿನ ಪ್ಯಾಡ್, ಪಾಲಿಶ್, ತಾಳ್ಮೆ.

ದಾವಣಗೆರೆಯವರ ಗಾಡಿ ಏನಾಯಿತು ಅಂತ ಹೇಳಲೇ ಇಲ್ಲ. ದಬ್ಬಳ ಹಿಡಿ ತನಕ ಇಳಿಯಿತಂತೆ. ಆದರೂ ಅದರ ಬಾಗಿದ, ಕಾರ್ನಿಂಗ್ ಕಂಪನಿಯ ಕಿಟಕಿ ಗಾಜುಗಳು ಒಂದೂ ಒಡೆದಿರಲಿಲ್ಲ. 1966ರಿಂದ 68ರವರೆಗೆ ಮಾತ್ರ ಹಾಕಿದ ಗಾಜು ಅವು. ಬೆಲೆ ಇಳಿಸಿ ತಗೊಳ್ಳಿ ಅಂದೆ, ತಗೊಂಡರು. ಸೆಪ್ಟೆಂಬರ್‌ನಲ್ಲಿ ಒಳಗೆ ಅಡ್ಡಪಟ್ಟಿ ಕಟ್ಟಿ, ಗೂಡನ್ನು ಚಾಸಿಯಿಂದ ಎತ್ತಿ, ಹೊಸ ನೆಲ ಹಾಕಿದೆವು. ಮೊದಲ ರಿವೆಟ್‌ಗೆ ಅವರೇ ಒಳಗೆ ಉಕ್ಕಿನ ತುಂಡು ಹಿಡಿದು ಕೂತರು. ಹೊರಗಿನಿಂದ ಹೊಡೆದೆ. ಒಳಗಿನಿಂದ ಟಕ್ ಅಂತ ಒಂದು ಸದ್ದು. ಇನ್ನೊಮ್ಮೆ ಹೊಡೆದೆ. ಸ್ವಲ್ಪ ತಡೆದು, ಈ ಸಲ ಎರಡು.