ಬೆಳ್ಳಿ ಎಲೆಯ ಗಿಡ ನೆರಳಿನಲ್ಲಿ ಬದುಕುತ್ತದೆಯೇ?

ಪ್ರಶ್ನೆ: ನಮ್ಮ ಮನೆಗೂ ಕಾಂಪೌಂಡ್ ಗೋಡೆಗೂ ನಡುವೆ ನಾಲ್ಕು ಅಡಿ ಜಾಗವಿದೆ. ಬೆಳಕು ಬರುತ್ತದೆ, ಬಿಸಿಲು ಬೀಳುವುದಿಲ್ಲ. ಅಲ್ಲಿ ನೆಟ್ಟ ಡಸ್ಟಿ ಮಿಲ್ಲರ್ ಎರಡು ಸಲವೂ ಕೊಳೆತುಹೋಯಿತು. ಬೆಳ್ಳಿ ಎಲೆಯ ಗಿಡಗಳಿಗೆ ಬಿಸಿಲು ಬೇಕೇ ಬೇಕಂತೆ, ಹೌದೇ?

ಉತ್ತರ: ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನ ಮುಗಿದ ವಾರದಲ್ಲಿ ಈ ಪ್ರಶ್ನೆ ಬರದ ವರ್ಷವಿಲ್ಲ, ನನ್ನ ಉತ್ತರವೂ ಬದಲಾಗಿಲ್ಲ. ಡಸ್ಟಿ ಮಿಲ್ಲರ್ ಬಿಟ್ಟುಬಿಡಿ, ಅಲ್ಯೂಮಿನಿಯಂ ಪ್ಲಾಂಟ್ ನೆಡಿ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಪೈಲಿಯಾ ಕ್ಯಾಡಿಯೆರೈ. ವಿಯೆಟ್ನಾಂ ಮತ್ತು ದಕ್ಷಿಣ ಚೀನಾದ ಕಾಡುಗಳ ಈ ಬಹುವಾರ್ಷಿಕ ಗಿಡವು ಮುಟ್ಟಿದರೆ ತುರಿಸುವ ತುರಿಕೆ ಗಿಡದ ಕುಟುಂಬಕ್ಕೇ ಸೇರಿದ್ದರೂ ಇದಕ್ಕೆ ಆ ದುರ್ಗುಣವಿಲ್ಲ.

ಇನ್ನು, ಬೆಳ್ಳಿ ಎಲೆಗೆ ಬಿಸಿಲು ಬೇಕೆಂಬ ಮಾತಿಗೆ ಬರುತ್ತೇನೆ. ಎಲೆಯ ಬಿಳುಪಿಗೆಲ್ಲ ಒಂದೇ ಕಾರಣವೆಂದು ತಿಳಿದಿರುವುದೇ ಈ ತಪ್ಪಿನ ಮೂಲ. ಡಸ್ಟಿ ಮಿಲ್ಲರ್ ಎಲೆಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಬಿಳಿಯ ನವಿರು ರೋಮ ಉಗುರಿಗೆ ಅಂಟಿ, ಅಡಿಯಲ್ಲಿ ಹಸಿರು ಕಾಣುತ್ತದೆ. ಅದು ಮೆಡಿಟರೇನಿಯನ್ ಕರಾವಳಿಯ ಗಿಡವಾದ್ದರಿಂದ, ಸುಡುವ ಬಿಸಿಲನ್ನು ಹಿಂದಕ್ಕೆ ಅಟ್ಟಲು, ಎಲೆಯ ತೇವ ಆರದಂತೆ ಕಾಯಲು ಆ ರೋಮದ ಹೊದಿಕೆ ಬೇಕು. ನೆರಳಿನ ತೇವದಲ್ಲಿ ಅದೇ ಹೊದಿಕೆ ನೀರನ್ನು ಹಿಡಿದಿಟ್ಟು ಎಲೆಯನ್ನು ಕೊಳೆಸುತ್ತದೆ. ನಿಮ್ಮ ಎರಡು ಗಿಡಗಳು ಹೋದದ್ದು ಹೀಗೆಯೇ ಇರಬೇಕು.

ಅಲ್ಯೂಮಿನಿಯಂ ಪ್ಲಾಂಟಿನ ಎಲೆಯನ್ನು ಎಷ್ಟು ಉಜ್ಜಿದರೂ ಕೈಗೆ ಏನೂ ಅಂಟುವುದಿಲ್ಲ. ಅಲ್ಲಿನ ಬೆಳ್ಳಿ ಬಣ್ಣವೂ ಅಲ್ಲ, ರೋಮವೂ ಅಲ್ಲ. ಎಲೆಯ ಪಾರದರ್ಶಕ ಹೊರಪದರಕ್ಕೂ ಅದರಡಿಯ ಹಸಿರು ಪದರಕ್ಕೂ ನಡುವೆ ಇರುವ ಗಾಳಿ. ಮೊಬೈಲಿನ ಪರದೆಗೆ ಗಾಜಿನ ಹಾಳೆ ಅಂಟಿಸುವಾಗ ಒಳಗೆ ಉಳಿದ ಗಾಳಿಗುಳ್ಳೆ ಬೆಳ್ಳಗೆ ಹೊಳೆಯುವುದನ್ನು ನೋಡಿದ್ದೀರಲ್ಲ, ಇದೂ ಅದೇ. ಎಲೆಯ ಮೂರು ನರಗಳ ಅಕ್ಕಪಕ್ಕ ಉಬ್ಬಿದಂತಿರುವ ನಾಲ್ಕು ಸಾಲು ಬೆಳ್ಳಿ ಪಟ್ಟೆಗಳ ಕೆಳಗೆ ಪತ್ರಹರಿತ್ತು ಇದ್ದೇ ಇದೆ. ಅದು ತನ್ನ ಕೆಲಸವನ್ನು ಮಾಡಿಕೊಂಡೇ ಇರುತ್ತದೆ. ಆದ್ದರಿಂದ "ಹಸಿರಿಲ್ಲದ ಎಲೆ, ಹೆಚ್ಚು ಬಿಸಿಲು ಬೇಕು" ಎಂಬ ವಾದ ಇದಕ್ಕೆ ಸಲ್ಲದು. ಆ ವಾದದಲ್ಲಿ ಹುರುಳಿರುವುದು ಬಿಳಿ ಮಚ್ಚೆಯ ಮನಿಪ್ಲಾಂಟಿನಂಥ ಗಿಡಗಳ ವಿಷಯದಲ್ಲಿ, ಏಕೆಂದರೆ ಆ ಬಿಳಿ ಭಾಗದಲ್ಲಿ ಪತ್ರಹರಿತ್ತು ನಿಜವಾಗಿಯೂ ಇಲ್ಲ. ಬಿಳಿ ಬೇರೆ, ಬೆಳ್ಳಿ ಬೇರೆ ಎಂಬುದನ್ನು ದಯವಿಟ್ಟು ಒಮ್ಮೆ ಬರೆದಿಟ್ಟುಕೊಳ್ಳಿ.

ನೆರಳೆಂದರೆ ಕತ್ತಲೆಯಲ್ಲ. ಹಗಲಿನಲ್ಲಿ ದೀಪವಿಲ್ಲದೆ ಪತ್ರಿಕೆ ಓದುವಷ್ಟು ಬೆಳಕಿದ್ದರೆ ಸಾಕು. ಅದಕ್ಕಿಂತ ಕಡಿಮೆಯಾದರೆ ಗಿಡ ಸೊರಗಿ ಉದ್ದುದ್ದ ಬೆಳೆಯುತ್ತದೆ, ಮಧ್ಯಾಹ್ನದ ನೇರ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ. ಕೆಂಪು ಮಣ್ಣಿಗೆ ಕಳಿತ ಎಲೆಗೊಬ್ಬರವನ್ನೂ ಒಂದಿಷ್ಟು ಮರಳನ್ನೂ ಬೆರೆಸಿ, ಮೇಲ್ಮಣ್ಣು ಆರಿದ ಮೇಲೆಯೇ ನೀರು ಹಾಕಿ. ತುದಿ ಚಿವುಟುತ್ತಿದ್ದರೆ ಗಿಡ ಪೊದೆಯಾಗುತ್ತದೆ. ಒಂದೆರಡು ವರ್ಷಕ್ಕೆ ಬುಡ ಬೋಳಾಗುವುದು ಇದರ ಸ್ವಭಾವ. ಆಗ ಬೆರಳುದ್ದದ ತುದಿಗಳನ್ನು ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು ಲೋಟದ ನೀರಿನಲ್ಲಿಟ್ಟರೂ ಬೇರು ಬರುತ್ತದೆ.

ಗಾಳಿಯ ಮಾತು ಬಂದದ್ದರಿಂದ, ಯಾರೂ ಕೇಳದ ಒಂದು ಸಂಗತಿಯನ್ನು ಹೇಳದೆ ಇರಲಾರೆ. ಸಿಹಿಗುಂಬಳದ ಎಲೆಯಲ್ಲಿ ನರಗಳು ಕವಲೊಡೆಯುವ ಕಡೆ ಕಾಣುವ ಬೆಳ್ಳಿ ಮಚ್ಚೆಗಳೂ ಇಂಥ ಗಾಳಿಯವೇ, ಹುಟ್ಟಿನಿಂದ ಬಂದವು. ಅವನ್ನು ಬೂದಿರೋಗವೆಂದು ತಿಳಿದು ವಾರಕ್ಕೊಮ್ಮೆ ಬೇವಿನೆಣ್ಣೆ ಸಿಂಪಡಿಸಿದವರನ್ನು ನಾನು ಬಲ್ಲೆ. ಬೂದಿರೋಗವಾದರೆ ಬೆರಳಿಗೆ ಹಿಟ್ಟಿನಂತೆ ಅಂಟುತ್ತದೆ. ಆದರೆ ಹೊಸ ಎಲೆಗಳ ನರಗಳು ಮೊದಲು ಬೆಳ್ಳಗಾಗಿ, ಆಮೇಲೆ ಎಲೆಯ ಇಡೀ ಮೇಲ್ಭಾಗಕ್ಕೆ ಅದು ಹರಡಿದರೆ, ಹಳೆಯ ಎಲೆಗಳನ್ನು ಮಗುಚಿ ನೋಡಿ: ರಸ ಹೀರುವ ಬಿಳಿನೊಣದ ಮರಿಗಳು ಅಲ್ಲಿರುತ್ತವೆ. ಬೆಳ್ಳಿಯಾಗುವುದು ಅವು ಕೂತ ಎಲೆಯಲ್ಲ, ಮುಂದೆ ಚಿಗುರುವ ಎಲೆ. ಅವನ್ನು ನಿವಾರಿಸಿದರೆ ಆಮೇಲಿನ ಚಿಗುರು ಹಸಿರಾಗಿಯೇ ಬರುತ್ತದೆ.